ಬಣ್ಣದ ಮೇಲೆ ಬಿಗಿದ ಬೋಲ್ಟು

ಮುರಿದ ಬೋಲ್ಟುಗಳನ್ನು ನಾನು ಎಸೆದವನಲ್ಲ. ಬಾಗಲಗುಂಟೆಯ ನಮ್ಮ ಮನೆಯ ಅಟ್ಟದ ಮೇಲೆ ಹಾಲಿನ ಪುಡಿಯ ಹಳೆಯ ಡಬ್ಬವೊಂದಿದೆ. ಅದರ ತುಂಬ ತಲೆ ಹಾರಿದವು, ನಡು ಮುರಿದವು, ತುಕ್ಕು ತಿಂದು ಕಡಲೆಕಾಯಿ ಸಿಪ್ಪೆಯಂತಾದವು. ಮನೆಗೆ ಸುಣ್ಣ ಬಳಿಸುವಾಗಲೆಲ್ಲ ನನ್ನ ಹೆಂಡತಿ ಶಾರದೆ ಅದನ್ನು ಕೆಳಗಿಳಿಸಿ, "ಈ ಸಲನಾದ್ರೂ ಗುಜರಿಗೆ ಹಾಕ್ಲಾ?" ಎಂದು ಕೇಳುತ್ತಾಳೆ. ನಾನು ಬೇಡ ಎನ್ನುತ್ತೇನೆ. ಅವಳು ಒರೆಸಿ ಮತ್ತೆ ಮೇಲಿಡುತ್ತಾಳೆ.

ನಾನು ಲಾರಿ ಎಲೆಕ್ಟ್ರಿಷಿಯನ್ ಆಗಿದ್ದೆ. ತುಮಕೂರು ರಸ್ತೆಯ ಪಕ್ಕ, ದಾಸರಹಳ್ಳಿಗೆ ಸೇರುವ ಒಂದು ಶೆಡ್ಡಿನಲ್ಲಿ ಮಂಜನೆಂಬ ಮೆಕ್ಯಾನಿಕ್‌ ಜೊತೆ ಕೆಲಸ. ಎಂಜಿನ್, ಗೇರು, ಕ್ಲಚ್ಚು ಅವನದು, ವೈರಿರುವುದೆಲ್ಲ ನನ್ನದು. ಮೆಟ್ರೋ ಕಂಬಗಳು ಏಳುವ ಮೊದಲಿನಿಂದ ಅಲ್ಲಿದ್ದೆವು. ಲಾರಿಯ ಕೆಳಗೆ ಅಂಗಾತ ಮಲಗಿ ಕತ್ತೆತ್ತಿ ನೋಡಲು ಆಗದು ಎಂಬ ಹಂತಕ್ಕೆ ಕುತ್ತಿಗೆ ಬಂದ ಮೇಲೆ ಸ್ಪ್ಯಾನರ್ ಕೆಳಗಿಟ್ಟೆ. ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ಆಗಾಗ ಮನೆಗೆ ಬಂದು, ಹಿಂದೆ ಹೇಗಿತ್ತು ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಸ್ಕ್ಯಾನರ್ ಇದೆ, ನಮ್ಮ ಕಾಲದಲ್ಲಿ ಒಂದು ಬಲ್ಬು ಮತ್ತು ಎರಡು ವೈರು ಇತ್ತು. ಅಷ್ಟೇ ವ್ಯತ್ಯಾಸ ಎಂದರೆ ನಂಬುವುದಿಲ್ಲ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಬರೆಯುವುದು ನನಗೆ ಹೊಸದಲ್ಲ. ದಿನಕ್ಕೊಂದು ಪುಟದಂತೆ, ಯಾವ ಗಾಡಿ, ಡ್ರೈವರ್ ಏನೆಂದ, ಏನು ಬಿಚ್ಚಿದೆ, ಏನು ಸಿಕ್ಕಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಮೊದಲಿನಿಂದ ಇತ್ತು. ಮಂಜ ಅದನ್ನು 'ಆಂಜಿನಪ್ಪನ ಪಂಚಾಂಗ' ಎನ್ನುತ್ತಿದ್ದ.

ಕೆಲಸ ಕಲಿತದ್ದು ಯಶವಂತಪುರದಲ್ಲಿ, ಬಾಷಾ ಮೇಸ್ತ್ರಿಯ ಬಳಿ. ಸಣಕಲು ದೇಹ, ಕಿವಿಯ ಮೇಲೆ ಸದಾ ಒಂದು ತುಂಡು ಪೆನ್ಸಿಲ್. ಬೈಯುತ್ತಿರಲಿಲ್ಲ, ಅದೇ ಭಯ. ಸೇರಿದ ಹೊಸತರಲ್ಲಿ ಒಂದು ಎಕ್ಸಾಸ್ಟಿನ ಬೋಲ್ಟು ಬಿಚ್ಚಲು ಹೇಳಿದರು. ಜಗ್ಗಲಿಲ್ಲ. ನಾನು ಜಾಣತನ ಮಾಡಿ ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಜೋತುಬಿದ್ದೆ. ಟಕ್ ಎಂದಿತು. ಬಿಚ್ಚಿತು ಎಂದು ಖುಷಿಪಟ್ಟೆ. ತಲೆ ನನ್ನ ಸ್ಪ್ಯಾನರಿನಲ್ಲಿತ್ತು, ಮೈ ಅಲ್ಲೇ ಉಳಿದಿತ್ತು.

ಬಾಷಾ ಮೇಸ್ತ್ರಿ ಬಂದು ನೋಡಿದರು. "ಶಭಾಷ್. ಮುರಿಯೋಕೆ ಎಷ್ಟೊತ್ತಾಯ್ತು?"

"ಒಂದ್ ನಿಮಿಷ, ಮೇಸ್ತ್ರಿ."

"ತೆಗೆಯೋಕೆ ಎಷ್ಟೊತ್ತಾಗುತ್ತೆ, ನೋಡೋಣ. ಕೂತ್ಕೊ."

ಆವತ್ತು ಸಂಜೆಯವರೆಗೆ ಕೂತೆ. ಬಿಸಿ ಮಾಡುವುದು, ಬಿಸಿಯಿರುವಾಗಲೇ ಮೇಣದಬತ್ತಿ ಒತ್ತುವುದು, ಮೇಣ ಕರಗಿ ಥ್ರೆಡ್ಡಿನೊಳಕ್ಕೆ ಇಳಿಯುವವರೆಗೆ ಕಾಯುವುದು, ಮುರಿದ ತುದಿಯ ಮೇಲೆ ನಟ್ಟು ಕೂರಿಸಿ ವೆಲ್ಡ್ ಹೊಡೆಸುವುದು, ಆಮೇಲೆ ಒಂದೇ ಕಡೆ ತಿರುಗಿಸದೆ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಎರಡು ನಟ್ಟು ಕಿತ್ತುಬಂದವು. ಮೂರನೆಯದು ಕೀರಲು ದನಿ ಮಾಡಿ ತಿರುಗಿತು. ಆ ತುಂಡೇ ನನ್ನ ಡಬ್ಬದ ಮೊದಲ ಬೋಲ್ಟು. ಅವಸರಕ್ಕೆ ಮುರಿದದ್ದು ಅವಸರಕ್ಕೆ ಬರುವುದಿಲ್ಲ ಎಂದು ಆ ದಿನವೇ ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ ಎಂಬುದು ಮುಂದೆ ಬರುತ್ತದೆ.

ವೈರಿಂಗಿನಲ್ಲಿ ಮೇಸ್ತ್ರಿ ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ಉರಿಸಿ, ಮೋಟಾರು ತಿರುಗಿಸಿ, ಮತ್ತೆ ಬ್ಯಾಟರಿಗೇ ವಾಪಸು ಬರಬೇಕು. ಲಾರಿಯಲ್ಲಿ ವಾಪಸು ಬರಲು ಬೇರೆ ವೈರಿಲ್ಲ. ಚಾಸಿಯ, ಅಂದರೆ ಲಾರಿಯ ಅಡಿಚೌಕಟ್ಟಿನ, ಕಬ್ಬಿಣವೇ ದಾರಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲಾದ್ದರಿಂದ, ಎಂಜಿನ್ನಿನಿಂದ ಚಾಸಿಗೆ ಜಡೆಯಂತೆ ಹೆಣೆದ ಒಂದು ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ಅದಕ್ಕೆ ಅರ್ತ್ ಪಟ್ಟಿ ಎನ್ನುತ್ತೇವೆ. "ಕರೆಂಟ್ ಹೋಗೋ ದಾರಿ ಎಲ್ರೂ ನೋಡ್ತಾರೆ. ಬರೋ ದಾರಿ ನೋಡು ಆಂಜಿ" ಎನ್ನುತ್ತಿದ್ದರು ಮೇಸ್ತ್ರಿ. ಮನೆ ಬಿಟ್ಟು ಹೋದ ಮಗಳ ಬಗ್ಗೆಯೂ ಅವರು ಅದೇ ಮಾತನ್ನು ಒಮ್ಮೆ ಹೇಳಿದ್ದರು. ಅದು ಬೇರೆ ಕಥೆ.

ಈಗ ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಲಾರಿಗೆ ಅದು ವರ್ಷದ ಸ್ನಾನ. ಹಬ್ಬಕ್ಕೆ ಒಂದು ವಾರ ಮುಂಚೆ ತೊಳೆಸಿ, ಚಾಸಿಗೆ ಹೊಸ ಕೆಂಪು ಬಣ್ಣ ಹೊಡೆಸಿ, ಬಾಳೆಕಂಬ ಕಟ್ಟಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಬಣ್ಣ ಹೊಡೆಯುವವರಿಗೆ ಕಬ್ಬಿಣ, ವೈರು, ಬೋಲ್ಟು ಎಂಬ ಭೇದವಿಲ್ಲ. ಸ್ಪ್ರೇ ಹಿಡಿದರೆ ಎಲ್ಲವೂ ಕೆಂಪು. ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಹಬ್ಬ ಮುಗಿದ ವಾರ ನಮ್ಮಂಥ ಎಲೆಕ್ಟ್ರಿಷಿಯನ್ನರಿಗೆ ಸುಗ್ಗಿ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಕ್ಕೆ ಮಿಣುಕುತ್ತದೆ, ಹಾರನ್ ಒತ್ತಿದರೆ ದೀಪ ಮಂಕಾಗುತ್ತದೆ. ಉಪ್ಪುಕಾಗದ ಹಾಕಿ ಬಣ್ಣ ಉಜ್ಜಿದರೆ ಎಲ್ಲ ಸರಿ. ಇದನ್ನು ನಾನು ಎಷ್ಟೋ ಜನಕ್ಕೆ ನಗುತ್ತ ಹೇಳಿಕೊಟ್ಟಿದ್ದೇನೆ. ಆ ನಾನೇ ಮಾಡಿದ ಕೆಲಸ ಇದು.

ನಾಗಸಂದ್ರದ ಒಂದು ಗೋದಾಮಿನಿಂದ ವಿಮಾನ ನಿಲ್ದಾಣಕ್ಕೆ ಔಷಧಿಯ ಪೆಟ್ಟಿಗೆ ಸಾಗಿಸುವ ಲಾರಿಗಳಿದ್ದವು. ಮಾಲೀಕ ರುದ್ರೇಶ್. ಒರಟನಲ್ಲ, ಆದರೆ ಗಡಿಯಾರದ ಮನುಷ್ಯ. ಅವರ ಒಂದು ಗಾಡಿ ಓಡಿಸುತ್ತಿದ್ದವರು ಗೋವಿಂದಪ್ಪ. ಹೆಸರಘಟ್ಟದ ಆಚೆಯ ಹಳ್ಳಿಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಾದರೂ ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಗಾಡಿ ಕೆಲಸಕ್ಕೆ ಬಿಟ್ಟು ಟೀ ಕುಡಿಯಲು ಹೋಗುವ ಡ್ರೈವರಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿಯುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಆ ಗಾಡಿ ಕ್ಲಚ್ಚಿಗೆಂದು ಬಂತು. ಬಣ್ಣ ಆಗಲೇ ಹೊಡೆದಾಗಿತ್ತು, ಇನ್ನೂ ವಾಸನೆಯಿತ್ತು. ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಮೊದಲು ಅರ್ತ್ ಪಟ್ಟಿ ಬಿಚ್ಚಬೇಕು. ಬಿಚ್ಚಿದೆ. ಚಾಸಿಯ ಕಡೆಯ ಬೋಲ್ಟು ಟಕ್ ಎಂದು ಮುರಿಯಿತು. ಮಂಜ ಕ್ಲಚ್ಚು ಕೂರಿಸಿ ಮುಗಿಸುವಷ್ಟರಲ್ಲಿ ಹೊತ್ತಾಗಿತ್ತು. ಮಾರನೆಯ ದಿನ ಪೂಜೆಗೆ ಗಾಡಿ ಸಾಲಿನಲ್ಲಿ ನಿಲ್ಲಬೇಕೆಂದು ರುದ್ರೇಶ್ ಎರಡು ಸಲ ಫೋನು ಮಾಡಿದ್ದರು. ಮುರಿದ ತುಂಡು ತೆಗೆಯಲು ವೆಲ್ಡಿಂಗಿನವನು ಬೇಕು, ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಪಕ್ಕದಲ್ಲೇ ಒಂದು ಖಾಲಿ ತೂತು ಕಾಣಿಸಿತು. ಪಟ್ಟಿಯನ್ನು ಅದಕ್ಕೇ ಬೋಲ್ಟು ಹಾಕಿ ಬಿಗಿದೆ. ಮೀಟರ್ ಹಿಡಿದೆ, ಬೀಪ್ ಎಂದಿತು. ಗಾಡಿ ಸ್ಟಾರ್ಟಾಯಿತು. ಹಬ್ಬ ಮುಗಿದ ಮೇಲೆ ಸರಿಮಾಡೋಣ ಎಂದುಕೊಂಡೆ, ಮರೆತೆ.

ಆ ಬೀಪ್ ಸದ್ದನ್ನು ನಂಬಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಥ್ರೆಡ್ಡು ಬಣ್ಣವನ್ನು ಒಂದು ಎಳೆ ಕೆರೆದಿದ್ದರೂ ಸಾಕು, ಮೀಟರ್ ಬೀಪ್ ಎನ್ನುತ್ತದೆ. ಇರುವೆ ಹೋಗುವ ದಾರಿ ಇದೆಯೆಂದು ಅದು ಹೇಳುತ್ತದೆ. ಆನೆ ಹೋದೀತೇ ಎಂದು ಹೇಳುವುದಿಲ್ಲ.

ಒಂದು ವಾರದ ಮೇಲೆ ಗೋವಿಂದಪ್ಪ ಬಂದರು. "ಅಣ್ಣಾ, ಎಬ್ಬಾಳ ಫ್ಲೈಓವರ್ ಅತ್ತೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೋಯ್ತದೆ. ಎಂಜಿನ್ ಸುಟ್ಟೋದ್ರೆ ಅಂತ ನಿಲ್ಲಿಸ್ತೀನಿ. ರೇಡಿಯೇಟರ್ ಮುಟ್ಟಿದ್ರೆ ಆಟೊಂದು ಬಿಸಿನೇ ಇಲ್ಲ. ಆಮೇಲೆ ಸೆಲ್ಫ್ ಒಡೆದ್ರೆ ಟಿಕ್ ಅಂತದೆ, ಅಷ್ಟೇ. ಟ್ರಾಫಿಕ್ ಪೊಲೀಸಪ್ಪ ಮಾನ ಅರಾಜಾಕ್ತನೆ."

ನಾನು ನೋಡಿದೆ. ಹಗಲು ಹನ್ನೊಂದು ಗಂಟೆ. ಮುಳ್ಳು ನಡುವಲ್ಲಿ ಸುಮ್ಮನೆ ನಿಂತಿತ್ತು. ಸೆಲ್ಫ್ ಒಂದೇ ಏಟಿಗೆ ಎತ್ತಿತು. ಬ್ಯಾಟರಿಯ ತುದಿಗಳನ್ನು ಉಜ್ಜಿ ಕಳಿಸಿದೆ. ನಾಲ್ಕು ದಿನಕ್ಕೆ ಮತ್ತೆ ಬಂದರು. ಟೆಂಪರೇಚರ್ ಸೆನ್ಸರ್ ಬದಲಿಸಿದೆ. ಮತ್ತೆ ಬಂದರು. ಈ ಸಲ ಒಂದು ಹೊಸ ಮಾತು ಸೇರಿಸಿದರು.

"ಇನ್ನೊಂದಿದೆ ಅಣ್ಣಾ, ನಗಬೇಡಿ. ಸೆಲ್ಫ್ ಒಡೆಯೋವಾಗ ಗೇರ್ ಲಿವರ್ ಬೆಚ್ಚಗಾಯ್ತದೆ."

ಮಂಜ ನಕ್ಕೇಬಿಟ್ಟ. "ಗೋವಿಂದಪ್ಪೋರೇ, ನಿಮ್ಮ ಕೈನೇ ಬೆಚ್ಚಗಿರ್ಬೇಕು. ಬೆಳಿಗ್ಗೆ ನಾಲ್ಕು ಗಂಟೆಗೆ ಏನ್ ಹಾಕ್ಕೊಂಡ್ ಬಂದಿದ್ರಿ?"

"ಟೀ ಬಿಟ್ರೆ ಏನೂ ಮುಟ್ಟಲ್ಲ ಕಣಪ್ಪ ನಾನು" ಎಂದರು ಅವರು, ನೊಂದು. ನಾನೂ ಸಣ್ಣಗೆ ನಕ್ಕಿದ್ದೆ. ನೋಟ್‌ಬುಕ್ಕಿನಲ್ಲಿ ಆ ಮಾತನ್ನು ಬರೆದುಕೊಳ್ಳಲೂ ಇಲ್ಲ. ಡ್ರೈವರ್ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತಿದ್ದ ನಾನು ಬಿಟ್ಟದ್ದು ಅದೊಂದನ್ನೇ.

ಆ ಮಧ್ಯಾಹ್ನ ರುದ್ರೇಶ್ ಫೋನು ಮಾಡಿದರು. "ಆಂಜಿನಪ್ಪೋರೇ, ಒಂದೇ ಮಾತು ಹೇಳಿ. ಗಾಡೀಲಿ ಏನಾದ್ರೂ ಇದೆಯಾ?"

"ಏನೂ ಇಲ್ಲ ಸಾರ್."

"ಅಷ್ಟು ಸಾಕು ಬಿಡಿ."

ಅಷ್ಟು ಸಾಕಾಯಿತು. ಮೂರು ಸಲ ಔಷಧಿ ಪೆಟ್ಟಿಗೆಗಳಿಗೆ ವಿಮಾನ ತಪ್ಪಿತ್ತು. ಗೋವಿಂದಪ್ಪ ಫ್ಲೈಓವರ್ ಮೇಲೆ ಗಾಡಿ ನಿಲ್ಲಿಸಿ ಮಲಗುತ್ತಾರೆ ಎಂದು ಗೋದಾಮಿನಲ್ಲಿ ಮಾತು ಹುಟ್ಟಿತ್ತು. ನನ್ನ ಮಾತು ಅದಕ್ಕೆ ಮೊಹರು ಒತ್ತಿತು. ದೀಪಾವಳಿ ಮುಗಿದ ಮೇಲೆ ಕೀ ಕೊಟ್ಟುಬಿಡು ಎಂದು ರುದ್ರೇಶ್ ಹೇಳಿದ್ದರು. ಐವತ್ತೆಂಟರ ಡ್ರೈವರಿಗೆ, ನಿದ್ದೆಗಾರ ಎಂಬ ಹೆಸರು ಅಂಟಿದ ಮೇಲೆ, ಯಶವಂತಪುರದಿಂದ ಕೆಂಪಾಪುರದವರೆಗೆ ಯಾವ ಮಾಲೀಕನೂ ಕೀ ಕೊಡುವುದಿಲ್ಲ.

ಇದು ನನಗೆ ಗೊತ್ತಾದದ್ದು ಗೋವಿಂದಪ್ಪ ಗಾಡಿಯಿಲ್ಲದೆ, ಬಸ್ಸಿನಲ್ಲಿ ನಮ್ಮ ಶೆಡ್ಡಿಗೆ ಬಂದಾಗ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಬೈಯಲಿಲ್ಲ.

"ಅಣ್ಣಾ, ನೀವು ಏನೂ ಇಲ್ಲ ಅಂದ್ರಂತೆ."

"ನಂಗೇನೂ ಸಿಗಲಿಲ್ಲ ಗೋವಿಂದಪ್ಪ."

"ಸಿಗಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಅಲ್ವಾ?" ಎಂದರು. "ಒಂದೇ ಒಂದ್ ಸಲ ಬಂದು ಆ ಲಿವರ್ ಮೇಲೆ ಕೈ ಇಟ್ ನೋಡಿ. ಬೆಚ್ಚಗಾಗ್ಲಿಲ್ಲ ಅಂದ್ರೆ ನಾನೇ ಕೀ ಕೊಟ್ ಬತ್ತೀನಿ."

ನಾನು ಚೀಲ ಎತ್ತಿಕೊಂಡೆ. ಮಂಜ ಕೈಯಲ್ಲಿದ್ದ ಕೆಲಸ ಬಿಟ್ಟು, "ನಡೀರಿ, ಆ ಬೆಚ್ಚಗಿನ ಲಿವರ್ ನಾನೂ ನೋಡ್ತೀನಿ" ಎಂದು ಜೊತೆಗೆ ಹೊರಟ.

ನಾಗಸಂದ್ರದ ಅಂಗಳದಲ್ಲಿ ಗಾಡಿ ನಿಂತಿತ್ತು. ದಾರಿಯಲ್ಲಿ ಒಂದು ಯೋಚನೆ ಬಂದಿತ್ತು. ಗಾಡಿ ಕೆಡುವುದು ಬೆಳಗಿನ ಜಾವ, ದೀಪ ಹಾಕಿಕೊಂಡು ಹೋಗುವಾಗ. ನಾನು ನೋಡಿದ್ದೆಲ್ಲ ಹಗಲಲ್ಲಿ, ದೀಪವಿಲ್ಲದೆ. ಎಂಜಿನ್ ಚಾಲೂ ಮಾಡಿಸಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಸಿದೆ. ಮುಳ್ಳು ನಿಧಾನವಾಗಿ ಏಳತೊಡಗಿತು. ಎಲ್ಲ ಆರಿಸಿದೆ, ಇಳಿಯಿತು. ಮತ್ತೆ ಹಾಕಿದೆ, ಏರಿತು. ಎಂಜಿನ್ನಿಗೆ ಜ್ವರವಿರಲಿಲ್ಲ, ಥರ್ಮಾಮೀಟರಿಗೇ ಹುಚ್ಚು ಹಿಡಿದಿತ್ತು.

ಎಂಜಿನ್ ಆಫ್ ಮಾಡಿ ಲಿವರ್ ಮೇಲೆ ಕೈಯಿಟ್ಟೆ. "ಹೊಡೀರಿ ಸೆಲ್ಫು."

ಒಂದು ಸಲ ಟಿಕ್. ಎರಡು ಸಲ. ಐದಾರು ಸಲದ ಮೇಲೆ ಲಿವರಿನ ಬುಡ ಬೆಕ್ಕಿನ ಮೈಯಂತೆ ಬೆಚ್ಚಗಾಯಿತು.

ಮನುಷ್ಯ ಹೇಳಿದ್ದು ಅಕ್ಷರಶಃ ನಿಜ. ಎಂಜಿನ್ನಿನಿಂದ ಕರೆಂಟಿಗೆ ವಾಪಸು ಬರಲು ತನ್ನ ದಾರಿ ಸಿಗದೆ, ಅದು ಗೇರ್‌ಬಾಕ್ಸಿನಿಂದ ಲಿವರಿಗೆ ಬರುವ ಕೇಬಲ್ಲಿನ ಸಣ್ಣ ತಂತಿಯಲ್ಲಿ ನುಗ್ಗಿ ಅದನ್ನು ಕಾಯಿಸುತ್ತಿತ್ತು. ಮೀಟರಿನ ಒಂದು ಕಡ್ಡಿ ಎಂಜಿನ್ನಿಗೆ, ಇನ್ನೊಂದು ಚಾಸಿಗೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿದೆ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಎಲ್ಲಿಗೋ ಹಾರಿತು. ಚಾಸಿಯ ಕೆಳಗೆ ನುಗ್ಗಿ ನೋಡಿದರೆ ಅರ್ತ್ ಪಟ್ಟಿ ತನ್ನ ಜಾಗದಲ್ಲಿಲ್ಲ, ಪಕ್ಕದ ತೂತಿನಲ್ಲಿದೆ. ಬ್ಯಾಟರಿ ಬಿಚ್ಚಿ, ಆ ಬೋಲ್ಟು ತೆಗೆದೆ. ಅಡಿಯಲ್ಲಿ ಕೆಂಪು ಬಣ್ಣ ಮೆತ್ತಗೆ ಹೊಳೆಯುತ್ತಿತ್ತು. ಅದರ ನಡುವೆ ಕರೆಂಟು ಕಚ್ಚಿದ ಸುಟ್ಟ ಕಪ್ಪು ಚುಕ್ಕೆಗಳು. ತಣ್ಣಗಿದ್ದಾಗ ಅಷ್ಟರಲ್ಲೇ ಹೇಗೋ ದಾಟುತ್ತಿದ್ದ ಕರೆಂಟು, ದೀಪಗಳ ಭಾರಕ್ಕೆ ಆ ಜಾಗ ಕಾದ ಮೇಲೆ ದಾಟುತ್ತಿರಲಿಲ್ಲ.

"ಯಾವ ಬೇಕೂಫ ಮಾಡಿದ್ದು ಇದು?" ಎಂದು ಅಲ್ಲಿಂದಲೇ ಕೂಗಿದೆ. "ಬಣ್ಣದ ಮೇಲೆ ಅರ್ತ್ ಕೊಡ್ತಾರೇನ್ರೀ? ಕೈಗೆ ಸಿಕ್ಕಿದ್ರೆ ನಾಲ್ಕು ಬಿಡ್ಬೇಕು ಅಂಥೋನ್ಗೆ!"

ಗೋವಿಂದಪ್ಪ ಟಾರ್ಚು ಹಿಡಿದು ಕೂತಿದ್ದರು. ಟಾರ್ಚಿನ ಬೆಳಕು ಸ್ವಲ್ಪ ಪಕ್ಕಕ್ಕೆ ಸರಿಯಿತು.

ಬಣ್ಣ ಉಜ್ಜಿ ಬಿಗಿದೆ. ಮುಳ್ಳು ಅಲುಗಲಿಲ್ಲ, ಸೆಲ್ಫ್ ಒಂದೇ ಏಟಿಗೆ ಎತ್ತಿತು. ಅಲ್ಲಿಂದಲೇ ರುದ್ರೇಶರಿಗೆ ಫೋನು ಮಾಡಿದೆ: ಅರ್ತ್ ಪಟ್ಟಿ ಬೇರೆ ಕಡೆ ಇತ್ತು, ಈಗ ಸರಿಹೋಯಿತು, ಗೋವಿಂದಪ್ಪ ಹೇಳಿದ್ದೇ ನಿಜ ಎಂದು.

"ಬೇರೆ ಕಡೆ ಹಾಕಿದ್ದು ಯಾರು?" ಎಂದರು.

"ಗೊತ್ತಿಲ್ಲ ಸಾರ್."

"ನಂಗೊತ್ತು. ಅವನೇ ಬಿಚ್ಚಿ ಹಾಕಿರ್ತಾನೆ, ನೆಪಕ್ಕೆ. ಗಾಡಿ ಕೆಳಗೆ ಅವನಲ್ಲದೆ ಇನ್ಯಾರು ಹೋಗ್ತಾರೆ? ಬಿಡಿ, ದೀಪಾವಳಿ ಆಗ್ಲಿ."

ಮನೆಗೆ ಬಂದು ಆ ದಿನದ ಪುಟ ಬರೆಯಲು ಕೂತೆ. ಹಿಂದೆ ಈ ಗಾಡಿ ಏಕೆ ಬಂದಿತ್ತು ನೋಡೋಣವೆಂದು ಪುಟ ತಿರುವಿದೆ. ಆಯುಧಪೂಜೆಯ ಹಿಂದಿನ ದಿನ. ನನ್ನದೇ ಅಕ್ಷರ: 'ಅರ್ತ್ ಪಟ್ಟಿ ಬೋಲ್ಟು ಮುರಿಯಿತು. ಪಕ್ಕದ ತೂತಿಗೆ ಹಾಕಿದೆ. ಹಬ್ಬದ ನಂತರ ಸರಿಮಾಡಬೇಕು. ಗೋವಿಂದಪ್ಪ ಟಾರ್ಚು.'

ಆ ಕೊನೆಯ ಎರಡು ಪದ ಏಕೆ ಬರೆದಿದ್ದೆನೋ ಗೊತ್ತಿಲ್ಲ; ಸಣ್ಣಪುಟ್ಟದ್ದನ್ನೆಲ್ಲ ಬರೆಯುವ ಚಟ. ಆದರೆ ಅದನ್ನು ಓದಿದಾಗ, ಮಧ್ಯಾಹ್ನ ಬೆಳಕು ಪಕ್ಕಕ್ಕೆ ಸರಿದದ್ದು ಏಕೆಂದು ಅರ್ಥವಾಯಿತು. ಅವರು ಆ ದಿನ ಅಲ್ಲೇ ಇದ್ದರು. ಬೇಕೂಫ ಯಾರೆಂದು ನಾನು ಕೂಗುವ ಹೊತ್ತಿಗೆ ಅವರಿಗೆ ಹೊಳೆದಿತ್ತು. ಕೆಲಸ ಹೋಗುತ್ತಿದ್ದ ಮನುಷ್ಯ, ನನ್ನ ಮುಖಕ್ಕೆ ಬೆಳಕು ಬಿಡಲಿಲ್ಲ.

ಶಾರದೆ ರೊಟ್ಟಿ ತಟ್ಟುತ್ತಿದ್ದಳು. ಹೇಳಿದೆ. ರುದ್ರೇಶರಿಗೆ ಒಪ್ಪಿಕೊಂಡರೆ ಅವರ ಅಷ್ಟೂ ಗಾಡಿಗಳು ನಮ್ಮ ಶೆಡ್ಡಿಗೆ ತಪ್ಪುತ್ತವೆ, ಮಂಜನಿಗೂ ನಷ್ಟ ಎಂದೆ.

"ಗೋವಿಂದಪ್ಪೋರು ಯಾರಿಗೂ ಹೇಳಲ್ಲ ಅಂತೀರಾ?"

"ಹೇಳಲ್ಲ."

"ಮತ್ತೆ ನೀವೇ ಹೇಳ್ಬೇಕಲ್ಲ. ಇನ್ಯಾರಿದಾರೆ ಹೇಳೋಕೆ?" ಎಂದಳು, ರೊಟ್ಟಿ ಮಗುಚುತ್ತ.

ಬೆಳಿಗ್ಗೆ ನೋಟ್‌ಬುಕ್ಕನ್ನೇ ಹಿಡಿದು ನಾಗಸಂದ್ರಕ್ಕೆ ಹೋದೆ. ರುದ್ರೇಶರ ಮೇಜಿನ ಮೇಲೆ ಆ ಪುಟ ತೆರೆದಿಟ್ಟೆ. "ಇದು ನನ್ನ ಕೈಬರಹ ಸಾರ್. ಬೋಲ್ಟ್ ಮುರಿದೋನೂ ನಾನೇ, ಬಣ್ಣದ ಮೇಲೆ ಬಿಗಿದೋನೂ ನಾನೇ. ಏನೂ ಇಲ್ಲ ಅಂದೋನೂ ನಾನೇ. ಗೋವಿಂದಪ್ಪ ನಿದ್ದೆ ಮಾಡ್ಲಿಲ್ಲ. ಮುಳ್ಳು ನೋಡಿ ನಿಮ್ಮ ಎಂಜಿನ್ ಉಳಿಸೋಕೆ ನಿಲ್ಲಿಸ್ತಿದ್ರು."

ಅವರು ಎರಡು ಸಲ ಓದಿದರು. "ಇದನ್ನ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಇಲ್ಲ ಸಾರ್."

"ವಿಮಾನ ತಪ್ಪಿದ್ದಕ್ಕೆ ನಾನು ಎಷ್ಟು ಜನರ ಹತ್ರ ಅನ್ನಿಸ್ಕೊಂಡೆ ಗೊತ್ತಾ? ಗೋವಿಂದಪ್ಪ ಇರ್ಲಿ. ನಮ್ಮ ಗಾಡಿಗಳು ಮಾತ್ರ ಇನ್ಮೇಲೆ ನಿಮ್ಮಲ್ಲಿಗೆ ಬರಲ್ಲ."

ನ್ಯಾಯವೇ. ಮಂಜ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಗಿರಾಕಿ ಬಂದಾಗಲೆಲ್ಲ, "ಎಲೆಕ್ಟ್ರಿಕ್ ಕೆಲ್ಸಾನಾ? ಅಲ್ಲಿದಾರೆ ನೋಡಿ ಹರಿಶ್ಚಂದ್ರ, ಕೆಡಿಸಿದ್ರೆ ಮನೆಗೇ ಬಂದು ಹೇಳ್ತಾರೆ" ಎನ್ನುತ್ತಿದ್ದ. ಅದನ್ನು ಕೇಳಿ ಎರಡು ಹೊಸ ಗಿರಾಕಿಗಳು ನಿಂತರೆಂಬುದು ಅವನಿಗೇ ಆಶ್ಚರ್ಯ.

ಇಷ್ಟು ಬರೆದದ್ದು ಹೊಸಬರಿಗೆ. ಈಗಿನ ಗಾಡಿಯಲ್ಲಿ ಒಂದು ಅರ್ತ್ ಕೆಟ್ಟರೆ ಸ್ಕ್ಯಾನರಿನ ಪರದೆ ತುಂಬ ದೂರುಗಳು ಬರುತ್ತವೆ. ಒಂದೊಂದಕ್ಕೂ ಒಂದೊಂದು ಸೆನ್ಸರ್ ಬದಲಿಸಲು ಹೊರಡಬೇಡಿ. ದೀಪ, ಬ್ಲೋವರ್ ಎಲ್ಲ ಹಾಕಿ ಲೋಡು ಕೊಟ್ಟು ನೋಡಿ, ವಾಪಸು ಬರುವ ದಾರಿ ನೋಡಿ. ಡ್ರೈವರ್ ಹೇಳಿದ್ದು ಎಷ್ಟೇ ವಿಚಿತ್ರವಾಗಿರಲಿ, ಕೈಯಿಟ್ಟು ನೋಡಿ. ತೊಂದರೆ ಸಿಗದಿದ್ದರೆ ಸಿಗಲಿಲ್ಲ ಎನ್ನಿ.

ಮಾರನೆಯ ವರ್ಷ ಆಯುಧಪೂಜೆಯ ಮುಂಚಿನ ದಿನ ಶೆಡ್ಡಿನ ಮುಂದೆ ಹಾರನ್ ಆಯಿತು. ಗೋವಿಂದಪ್ಪ. ಅದೇ ಗಾಡಿ, ಹೊಸ ಕೆಂಪು ಬಣ್ಣ.

"ರುದ್ರೇಶ್‌ಗೆ ಗೊತ್ತಾ?" ಎಂದೆ.

"ಎಲ್ಲಿ ತೋರುಸ್ತೀಯಾ ಅಂದ್ರು. ಆಂಜಿನಪ್ಪೋರತ್ರ ಅಂದೆ. ನಿನ್ ಗಾಡಿ ನಿನ್ನಿಷ್ಟ ಅಂದ್ರು. ಬನ್ನಿ ಅಣ್ಣಾ, ಕೆಳಗೆ ಬನ್ನಿ."

ಟಾರ್ಚು ಹಿಡಿದು ಅವರೇ ಮೊದಲು ನುಗ್ಗಿದರು. ಹಿಂದಿನ ವರ್ಷ ನಾನು ಮುರಿದ ತುಂಡನ್ನು ಆಮೇಲೊಂದು ಭಾನುವಾರ ಹೋಗಿ ತೆಗೆದುಕೊಟ್ಟು, ಪಟ್ಟಿಯನ್ನು ಅದರ ಸ್ವಂತ ತೂತಿಗೇ ಕೂರಿಸಿದ್ದೆ. ಈಗ ಇಡೀ ಚಾಸಿ ಕೆಂಪಗಿತ್ತು. ಅರ್ತ್ ಪಟ್ಟಿಯ ಸುತ್ತ ಮಾತ್ರ ಅಂಗೈಯಗಲ ಜಾಗ ಬರಿಯ ಕಬ್ಬಿಣ. ಬಣ್ಣದವರು ಬರುವ ಮೊದಲೇ ಗೋವಿಂದಪ್ಪ ಅದಕ್ಕೆ ಹಳೆಯ ಪೇಪರು ಸುತ್ತಿ ಟೇಪು ಹಾಕಿದ್ದರು. ಬೋಲ್ಟಿನ ತಲೆಯ ಮೇಲೆ ಒಂದು ಕುಂಕುಮದ ಬೊಟ್ಟು.

"ಬೊಟ್ಟು ಇಟ್ಟ್ ಮೇಲೆ ಗ್ಯಾನ ಬಂತು" ಎಂದರು ಗಾಬರಿಯಿಂದ. "ಬಣ್ಣ ಅಡ್ಡ ಬತ್ತದೆ ಅಂದ್ರಲ್ಲ. ಕುಂಕುಮ ಬತ್ತದಾ ಅಣ್ಣಾ?"

ನಾನು ಕೈಯಿಟ್ಟು ನೋಡಿದೆ. ಬಿಗಿಯಾಗಿತ್ತು.

"ತಲೆ ಮೇಲಿದ್ರೆ ಬರಲ್ಲ ಗೋವಿಂದಪ್ಪ" ಎಂದೆ. "ಇರ್ಲಿ ಬಿಡಿ."